ಹಿಮದಲ್ಲಿ ಜಿಂಕೆಯ ಬೇಟೆಯೂ ನಾರ್ವೆಯ ಒಂದು ಕಟ್ಟಳೆಯೂ

ಬೇಟೆಗಾರನಿಗೆ ಹಿಮವು ಎರಡು ವಿಧದಲ್ಲಿ ಸಹಾಯಕವಾಗುವುದು. ಅದು ಮೃಗದ ಹೆಜ್ಜೆಯನ್ನು ಅಚ್ಚೊತ್ತಿ ತೋರಿಸುವುದಲ್ಲದೆ, ಓಡುವ ಮೃಗವನ್ನು ತಡೆದೂ ನಿಲ್ಲಿಸುವುದು. ರೋಮಿನ ಕವಿ ವರ್ಜಿಲನು ಕ್ರಿ. ಪೂ. 29ರ ಸುಮಾರಿಗೆ ಮುಗಿಸಿದ ತನ್ನ ಕೃಷಿಕಾವ್ಯದ ಮೂರನೆಯ ಭಾಗದಲ್ಲಿ, ಸಿಥಿಯದ ಜನರು ನಾಯಿಯನ್ನಾಗಲಿ ಬಲೆಯನ್ನಾಗಲಿ ಬಳಸದೆ, ಹಿಮರಾಶಿಯನ್ನು ಎದೆಯಿಂದ ನೂಕುತ್ತ ಸಿಕ್ಕಿಬಿದ್ದ ಜಿಂಕೆಗಳನ್ನು ಸಮೀಪದಿಂದಲೇ ಇರಿದು ಕೊಲ್ಲುವರೆಂದು ವರ್ಣಿಸಿರುವನು. ಅಲ್ಲಿಯವರು ಹೆಪ್ಪುಗಟ್ಟಿದ ದ್ರಾಕ್ಷಾರಸವನ್ನು ಕೊಡಲಿಯಿಂದ ಕಡಿಯುವರೆಂದೂ ಅದೇ ಪ್ರಸಂಗದಲ್ಲಿ ಹೇಳಿರುವುದರಿಂದ, ಇದೆಲ್ಲವೂ ಕವಿಯ ಅತ್ಯುಕ್ತಿಯೆಂದು ವಾಚಕರಿಗೆ ತೋರಬಹುದು. ಆದರೆ ಜಿಂಕೆಯ ವಿಷಯದಲ್ಲಿ ಅವನ ಮಾತನ್ನು ಉತ್ತರದೇಶಗಳ ಇತಿಹಾಸವು ಸಮರ್ಥಿಸುವುದು.

ಹಗಲಿನ ಬಿಸಿಲಿಗೆ ಕರಗಿದ ಹಿಮದ ಮೇಲ್ಭಾಗವು ರಾತ್ರಿ ಪುನಃ ಹೆಪ್ಪುಗಟ್ಟಿ ಗಟ್ಟಿಯಾದ ಪದರವಾಗುವುದು. ಮೃಗದ ಕಿರಿದಾದ ಗೊರಸು ಇದನ್ನು ಒಡೆದು ಒಳಕ್ಕಿಳಿಯುವುದು. ಒಡೆದ ಅಂಚು ಕಾಲನ್ನು ಕೊಯ್ಯುವುದೂ ಉಂಟು. ಮನುಷ್ಯನಾದರೋ ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಮೇಲೆಯೇ ಜಾರಿಹೋಗುವನು. 13ನೆಯ ಶತಮಾನದ ಮಧ್ಯಭಾಗದಲ್ಲಿ ನಾರ್ವೆಯಲ್ಲಿ ರಚಿತವಾದ ‘ರಾಜದರ್ಪಣ’ವೆಂಬರ್ಥದ ಹೆಸರುಳ್ಳ ಗ್ರಂಥವು, ಇಂತಹವನು ಒಂದೇ ಓಟದಲ್ಲಿ ಒಂಬತ್ತು ಹಿಮಸಾರಂಗಗಳನ್ನು ಈಟಿಯಿಂದ ತಿವಿಯಬಲ್ಲನೆನ್ನುತ್ತದೆ.

ಇದಾದ ಕೆಲವೇ ದಶಕಗಳಲ್ಲಿ, 1274ರಲ್ಲಿ, ದೊರೆ ಮಾಗ್ನಸನ ನ್ಯಾಯಸಂಹಿತೆಯು, ಸ್ಕೀ ಕಟ್ಟಿದವರು ಎಲ್ಕ್ ಎಂಬ ಮಹಾಕಾಯದ ಜಿಂಕೆಯನ್ನು ಬೇಟೆಯಾಡಕೂಡದೆಂದು ವಿಧಿಸಿತು. ಇದನ್ನು ಕೇವಲ ಭೂತದಯೆಯೆನ್ನಲಾರೆವು. ಆಳವಾದ ಹಿಮದಲ್ಲಿ ನಾಲ್ಕಾರು ಜನರು ಒಂದೇ ಚಳಿಗಾಲದಲ್ಲಿ ಒಂದು ಕಣಿವೆಯ ಎಲ್ಕುಗಳನ್ನೆಲ್ಲ ಮುಗಿಸಿಬಿಡುವ ಸಂಭವವಿದ್ದಿತು. ಆದುದರಿಂದಲೇ ಆ ಕಟ್ಟಳೆಯು ಈಟಿಯನ್ನೂ ಬಿಲ್ಲನ್ನೂ ಬಿಟ್ಟು, ಬೇಟೆಗಾರನ ಕಾಲಿನ ಹಲಗೆಯನ್ನು ಹಿಡಿದಿರುವಂತೆ ಕಾಣುತ್ತದೆ.