ಮಿರಜಿಗೆ ಮರಳಿದ ಗಾಯಕ

ಟ್ರಾಯ್ ಯುದ್ಧದಲ್ಲಿ ಹತ್ತು ವರ್ಷ, ಕಡಲಿನ ಸಂಕಟಗಳಲ್ಲಿ ಮತ್ತೆ ಹತ್ತು ವರ್ಷ ಕಳೆದು ಇಥಾಕೆಯನ್ನು ಸೇರಿದ ಒಡಿಸ್ಯೂಸನ ಕಥೆಯನ್ನು ಹೋಮರನ ಕಾವ್ಯದಲ್ಲಿ ಓದುವಾಗಲೆಲ್ಲ, ಜೀವಸಹಿತ ಮನೆ ಮುಟ್ಟಲಾರದೆ ಹೋದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ನನ್ನ ಕಣ್ಮುಂದೆ ನಿಲ್ಲುತ್ತಾರೆ. ಉತ್ತರದ ಕೈರಾನಾದಲ್ಲಿ ಜನಿಸಿ, ಮಿರಜವನ್ನೇ ತಮ್ಮ ಊರಾಗಿಸಿಕೊಂಡು, ಮೈಸೂರಿನ ಅರಮನೆಯವರೆಗೂ ಗಾನವನ್ನು ಕೊಂಡೊಯ್ದ ಈ ಮಹನೀಯರು, 1937ರ ಅಕ್ಟೋಬರಿನಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ದೇಹಾಲಸ್ಯವುಂಟಾಗಲು, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿಳಿದು, ಪ್ಲಾಟ್‌ಫಾರಮಿನ ಮೇಲೆ ಹಾಸಿದ ಹಾಸಿಗೆಯಲ್ಲಿ ಕುಳಿತು, ನಮಾಜು ಸಲ್ಲಿಸಿ, ದರ್ಬಾರಿ ರಾಗದಲ್ಲಿ ದೇವರನ್ನು ನೆನೆಯುತ್ತ ಆ ತಿಂಗಳ 27ರಂದು ಪ್ರಾಣಬಿಟ್ಟರೆಂದು ಸಂಗೀತಲೋಕದಲ್ಲಿ ಪ್ರತೀತಿಯಿದೆ. ಪಾರ್ಥಿವ ಶರೀರವನ್ನು ಮಿರಜಿಗೆ ತಂದು, ಖ್ವಾಜಾ ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಸಮಾಧಿ ಮಾಡಿದರು. ಸೋರೆಬುರುಡೆಯನ್ನು ಒಣಗಿಸಿ, ಕೊರೆದು, ತಂಬೂರಿಗಳನ್ನು ಕಟ್ಟುವ ಕುಶಲಕರ್ಮಿಗಳ ಈ ಊರಿನಲ್ಲಿ ದೊರೆತ ಆ ಮೂರಡಿ ನೆಲವು ಗ್ರೀಕ್ ವೀರನಿಗೆ ಮರಳಿ ದಕ್ಕಿದ ಸಿಂಹಾಸನಕ್ಕಿಂತ ಕಿರಿದೆಂದು ನಾನು ಎಣಿಸಲಾರೆ. ಅವರ ವಿದ್ಯೆಯಾದರೋ ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರಿಗಿಳಿದು ಕನ್ನಡನಾಡಿನಲ್ಲಿ ನೆಲೆನಿಂತಿತು. ಇಂದಿಗೂ ಉರುಸಿನ ಕಾಲದಲ್ಲಿ ಪ್ರತಿವರ್ಷವೂ ಅವರ ಸ್ಮರಣೆಯ ಸಂಗೀತೋತ್ಸವವು ಆ ದರ್ಗಾದಲ್ಲಿಯೇ ನಡೆಯುತ್ತದೆ.