ಸಾಹಿತ್ಯಕೃತಿ ಆಧಾರಿತ ಚಿತ್ರವಿಮರ್ಶೆ

ಹೆಸರಾದ ಕಥೆ, ಕಾದಂಬರಿ ಅಥವಾ ನಾಟಕದಿಂದ ಹುಟ್ಟಿದ ಚಲನಚಿತ್ರವನ್ನು ಮೂಲದ ಜೊತೆಗಿಟ್ಟು ಬೆಲೆಕಟ್ಟುವ ಬರಹ. ಕನ್ನಡದಲ್ಲಿ ಇದಕ್ಕೆ ಕಸುವು ಬಂದದ್ದು 1970ರ ದಶಕದ ಹೊಸ ಅಲೆಯ ಚಿತ್ರಗಳಿಂದ.

ಹಿನ್ನೆಲೆ: ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ತೆರೆಗೆ ತಂದರು. ಸೆನ್ಸಾರಿನಲ್ಲಿ ಸಿಲುಕಿ ಬಿಡುಗಡೆಯಾದ ಈ ಚಿತ್ರ ಸ್ವರ್ಣಕಮಲ ಪಡೆಯಿತು. ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಬಿ.ವಿ. ಕಾರಂತರು ಚಿತ್ರವಾಗಿಸಿದ್ದು 1975ರಲ್ಲಿ; ಅದಕ್ಕೂ ಸ್ವರ್ಣಕಮಲ ಸಂದಿತು. ಜನಪ್ರಿಯ ಧಾರೆಯಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು 'ನಾಗರಹಾವು' (1972) ಮಾಡಿದರು. ಅದು ಲೇಖಕರಿಗೆ ರುಚಿಸಲಿಲ್ಲವೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಲೇಖಕರ ಅಸಮಾಧಾನವನ್ನೇ ತೀರ್ಪೆಂದು ಬಗೆಯುವ ರೂಢಿ ವಿಮರ್ಶೆಗೆ ಅಷ್ಟೇನೂ ಉಪಕಾರ ಮಾಡಿಲ್ಲ.

ವಿಧಾನ: 'ಮೂಲಕ್ಕೆ ನಿಷ್ಠವೇ?' ಎಂಬುದು ಮೊದಲ ಪ್ರಶ್ನೆಯಾಗಬಹುದು, ಕೊನೆಯದಾಗಲಾರದು. ಬದಲಾವಣೆಯಿಂದ ಯಾವ ಅರ್ಥ ಹೊರಟಿತು ಎಂದು ಕೇಳಬೇಕು. ಇದಕ್ಕೆ 'ಗುಲಾಬಿ ಟಾಕೀಸ್'ಗಿಂತ (2008) ಒಳ್ಳೆಯ ಪಾಠ ಕನ್ನಡದಲ್ಲಿ ಬಹುಶಃ ಇಲ್ಲ. ವೈದೇಹಿಯವರ ಕಥೆಯಲ್ಲಿ ಕರಾವಳಿಯ ಊರಿಗೆ ಸಿನಿಮಾ ಟಾಕೀಸು ಬರುತ್ತದೆ. ಸೂಲಗಿತ್ತಿ ಗುಲಾಬಿ ಅದರ ಹೆಂಗಸರ ಬಾಗಿಲು ಕಾಯಲು ನಿಲ್ಲುತ್ತಾಳೆ. ಗಿರೀಶ ಕಾಸರವಳ್ಳಿ ಟಾಕೀಸಿನ ಜಾಗಕ್ಕೆ ಬಣ್ಣದ ಟಿವಿ ಮತ್ತು ಡಿಶ್ ಆಂಟೆನಾ ತಂದರು, ಕಾಲವನ್ನು ಕಾರ್ಗಿಲ್ ಯುದ್ಧದ ದಿನಗಳಿಗೆ ಒಯ್ದರು, ಗುಲಾಬಿಯನ್ನು ಮೀನುಗಾರರ ನಡುವಿನ ಒಂಟಿ ಮುಸ್ಲಿಂ ಹೆಂಗಸಾಗಿಸಿದರು. ಕಥೆಯಲ್ಲಿ ಪರದೆ ಹೆಂಗಸರಿಗೆ ಮನೆಯಿಂದಾಚೆಗೆ ದಾರಿ ತೆರೆಯುತ್ತದೆ. ಚಿತ್ರದಲ್ಲಿ ಅದೇ ಪರದೆ ನೆರೆಹೊರೆಯನ್ನು ಮೊದಲು ಗುಲಾಬಿಯ ಮನೆಯಲ್ಲಿ ಕೂಡಿಸಿದರೂ, ಊರಲ್ಲಿ ಅನುಮಾನ ಬೆಳೆದಾಗ ಅವಳನ್ನು ಕಾಯಲಾರದು. ಕಥೆ ಕೆಟ್ಟಿತೆಂದು ದೂರುವವರು ಈ ತಿರುವನ್ನೇ ಕಾಣುವುದಿಲ್ಲ. ಉಮಾಶ್ರೀ ಅವರ ರಾಷ್ಟ್ರಪ್ರಶಸ್ತಿ ವಿಜೇತ ಅಭಿನಯವನ್ನಷ್ಟೇ ಹೊಗಳುವವರೂ ಕಾಣುವುದಿಲ್ಲ.

ನಿರೂಪಣೆಯ ಕಣ್ಣು ಯಾರದು ಎಂಬುದು ಇನ್ನೊಂದು ಒರೆಗಲ್ಲು. ಅನಂತಮೂರ್ತಿಯವರದೇ ಕಥೆಯಿಂದ ಕಾಸರವಳ್ಳಿ ಮಾಡಿದ 'ಘಟಶ್ರಾದ್ಧ' (1977) ವಿಧವೆ ಯಮುನಕ್ಕನ ದುರಂತವನ್ನು ಹುಡುಗ ನಾಣಿಯ ಅರೆತಿಳಿವಿನ ಮೂಲಕವೇ ತೋರಿಸುವುದರಿಂದ ಚಿತ್ರ ಭಾಷಣವಾಗದೆ ಉಳಿಯಿತು.

ಮುಂಬಯಿ: ಕನ್ನಡ ಓದಲು ಬಾರದ ಮಕ್ಕಳೊಂದಿಗೆ ಚಿತ್ರ ನೋಡುವ ಕಾಂದಿವಲಿಯಂಥ ಬಡಾವಣೆಯ ಕನ್ನಡ ಓದುಗರಿಗೆ ಬರೆಯುವವರು, ಮನೆಮಂದಿಯೆಲ್ಲ ಮೂಲವನ್ನು ಓದಿದ್ದಾರೆಂದು ಭಾವಿಸುವಂತಿಲ್ಲ. ಇಲ್ಲಿ ಕಥಾಸಾರಕ್ಕೆ ತುಸು ಹೆಚ್ಚು ಜಾಗ ಬೇಕು. ಉದಾಹರಣೆಗೆ, ಹಿಂದಿ ಚಿತ್ರರಂಗಕ್ಕೆ ಗಿರೀಶ ಕಾರ್ನಾಡರು ಮಾಡಿಕೊಟ್ಟ 'ಉತ್ಸವ್' (1984) ಶೂದ್ರಕನ 'ಮೃಚ್ಛಕಟಿಕ'ವನ್ನೂ ಭಾಸನ 'ಚಾರುದತ್ತ'ವನ್ನೂ ಆಧರಿಸಿದೆ. ನಾಟಕದಲ್ಲಿಲ್ಲದ ವಾತ್ಸ್ಯಾಯನ ಇಲ್ಲಿದ್ದಾನೆ. ನಾಟಕದಲ್ಲಿ ಗಣಿಕೆ ವಸಂತಸೇನೆಗೆ ಚಾರುದತ್ತನ ಮನೆ ದೊರೆತರೆ, ಚಿತ್ರದಲ್ಲಿ ಅವಳು ತನ್ನ ಮನೆಗೇ ಮರಳುತ್ತಾಳೆ. ನಿರ್ಮಾಪಕ ಶಶಿಕಪೂರರೇ ಖಳ ಶಕಾರನ ಪಾತ್ರ ವಹಿಸಿದ ಈ ಚಿತ್ರದಲ್ಲಿ ದಿಟ್ಟ ಎನ್ನಬಹುದಾದದ್ದು ಆ ಅಂತ್ಯವೇ. ಅಲಂಕಾರದ ಅಬ್ಬರದಲ್ಲಿ ಅದರ ಮೊನೆ ಮಂಕಾಗಿದೆ.