ಊಟಿಯ ಪಾದ್ರಿಗಳು ಆಡಿದ ಟೆಸ್ಟ್ ಪಂದ್ಯಗಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಊಟಿಯನ್ನು ಕಾಣದವರು ವಿರಳ. ಅಲ್ಲಿನ ಯೂನಿಯನ್ ಚರ್ಚಿನಲ್ಲಿ 1900ರಿಂದ 1906ರವರೆಗೆ ಪಾದ್ರಿಗಳಾಗಿದ್ದ ಚಾರ್ಲ್ಸ್ ಸ್ಟಡ್ ಅವರು ಹಿಂದೊಮ್ಮೆ ಇಂಗ್ಲೆಂಡಿನ ಟೆಸ್ಟ್ ಆಟಗಾರರಾಗಿದ್ದರೆಂಬುದನ್ನು ಮಾತ್ರ ಬಲ್ಲವರು ಕಡಿಮೆ.

1882ರಲ್ಲಿ ಕೇಂಬ್ರಿಜ್ ವಿದ್ಯಾರ್ಥಿಯಾಗಿದ್ದಾಗಲೇ ಅವರು ಪ್ರವಾಸಿ ಆಸ್ಟ್ರೇಲಿಯನ್ನರ ವಿರುದ್ಧ ಎರಡು ಶತಕ ಬಾರಿಸಿದ್ದರು. ಅದೇ ಆಗಸ್ಟಿನ ಓವಲ್ ಟೆಸ್ಟಿನಲ್ಲಿ 85 ರನ್ ಗಳಿಸಲಾರದೆ ಇಂಗ್ಲೆಂಡ್ 7 ರನ್ನುಗಳಿಂದ ಸೋತಿತು. ಹತ್ತನೆಯವರಾಗಿ ಇಳಿದ ಸ್ಟಡ್ಡರು ಒಂದು ಚೆಂಡನ್ನೂ ಎದುರಿಸದೆ ಇನ್ನೊಂದು ತುದಿಯಲ್ಲಿ ನಿಂತೇ ಇದ್ದರು! 'ಆಷಸ್' ಹುಟ್ಟಿದ್ದು ಆ ಸೋಲಿನಿಂದ. ಬಳಿಕ ಆಸ್ಟ್ರೇಲಿಯಾಕ್ಕೆ ಹೋದ ತಂಡದಲ್ಲಿಯೂ ಆಡಿದರು. ಆಮೇಲೆ ಅಣ್ಣ ಜಾರ್ಜ್ ಸಾವಿನಂಚಿಗೆ ಹೋಗಿ ಬದುಕಿದ್ದು ಅವರ ಮನಸ್ಸನ್ನೇ ತಿರುಗಿಸಿತು. 1885ರ ಫೆಬ್ರವರಿಯಲ್ಲಿ, 24ನೆಯ ವಯಸ್ಸಿನಲ್ಲಿ, ಆರು ಮಂದಿ ಸಂಗಡಿಗರೊಡನೆ ಧರ್ಮಪ್ರಚಾರಕ್ಕಾಗಿ ಚೀನಾಕ್ಕೆ ಹೊರಟರು. ಟೆಸ್ಟ್ ಜೀವನ ಐದೇ ಪಂದ್ಯಗಳಿಗೆ ಮುಗಿಯಿತು. ಪಿತ್ರಾರ್ಜಿತ ಆಸ್ತಿಯನ್ನೂ ದಾನ ಮಾಡಿದ ಅವರು 1931ರಲ್ಲಿ ಕಾಂಗೋದಲ್ಲಿ ತೀರಿಕೊಂಡರು.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಅಂದಿನ ಕುಲೀನ ಆಟಗಾರರು ಸಂಬಳಕ್ಕೆ ಆಡುವವರಲ್ಲ. ಸಂಬಳದವರ ಪಂಕ್ತಿಯೇ ಬೇರೆ. ಆದ್ದರಿಂದ ಸ್ಟಡ್ಡರು ಬಿಟ್ಟದ್ದು ಕೀರ್ತಿಯನ್ನು, ಜೀವನೋಪಾಯವನ್ನಲ್ಲ.

ಆಟವೇ ಅನ್ನವಾದ ಇಂದಿನ ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿನ ಮಾರ್ಮನ್ ಪಂಥದ ತರುಣರು ಕಾಲೇಜಿನ ನಡುವೆಯೇ ಎರಡು ವರ್ಷ ಧರ್ಮಸೇವೆಗೆ ಹೋಗುವುದು ವಾಡಿಕೆ. ಕಾಲೇಜು ಕ್ರೀಡೆಗೆ ನಿಗದಿಯಾದ ಐದು ವರ್ಷಗಳಲ್ಲಿ ಆ ಅವಧಿಯನ್ನು ಎಣಿಸದಿರುವ ವಿನಾಯಿತಿಯೂ ಉಂಟು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ 7 ಅಡಿ 6 ಅಂಗುಲದ ಶಾನ್ ಬ್ರಾಡ್ಲಿಯವರು ಒಂದೇ ವರ್ಷ ಬ್ಯಾಸ್ಕೆಟ್‌ಬಾಲ್ ಆಡಿ ಆಸ್ಟ್ರೇಲಿಯಾದಲ್ಲಿ ಸೇವೆಗೆ ನಿಂತರು. ಹಿಂದಿರುಗಿದಾಗ, 1993ರಲ್ಲಿ, ಫಿಲಡೆಲ್ಫಿಯಾ ತಂಡ ಅವರನ್ನು ದೇಶಕ್ಕೇ ಎರಡನೆಯ ಆಯ್ಕೆಯಾಗಿ ಆರಿಸಿತು, 2005ರವರೆಗೂ ಆಡಿದರು. ಆದರೆ ಆ ಎತ್ತರ ಎಷ್ಟು ಜನಕ್ಕಿದ್ದೀತು? ಸಾಮಾನ್ಯ ಎತ್ತರದವನು ಸೇವೆ ಮುಗಿಸಿ, ಮತ್ತೆ ಮೈ ಪಳಗಿಸಿ, ಪದವಿ ಪಡೆಯುವ ವೇಳೆಗೆ 24 ದಾಟಿರುತ್ತಾನೆ. ದೇಹ ಬಲಿತಿರುವುದು ಲಾಭವೇ. ಆದರೂ ತಂಡದ ಯಜಮಾನರು 21ರ ಹುಡುಗನ ಕಡೆಗೇ ನೋಡುತ್ತಾರೆ.

ನಮ್ಮ ಮುರುಗಮಲ್ಲದ ಕಡೆಯ ಕಬಡ್ಡಿ ಆಟಗಾರನೊಬ್ಬ ಹೀಗೆ ಎರಡು ವರ್ಷ ಮಠದಲ್ಲೋ ಆಶ್ರಮದಲ್ಲೋ ಸೇವೆಗೆ ನಿಂತನೆನ್ನಿ. ರೈಲ್ವೆಯ ಕ್ರೀಡಾ ಕೋಟಾಕ್ಕೆ ವಯಸ್ಸು 18ರಿಂದ 25. ಪರಿಗಣಿಸುವುದು ಇತ್ತೀಚಿನ ವರ್ಷಗಳ ಸಾಧನೆಯನ್ನೇ. ಅಂಗಣದಿಂದ ದೂರವಿದ್ದ ಆ ಎರಡು ವರ್ಷಗಳ ಎದುರು ಅವನು ಯಾವ ಪ್ರಮಾಣಪತ್ರವನ್ನು ಲಗತ್ತಿಸಿಯಾನು?